‘ಪ್ರಪಂಚ ಪಾಶ’ಕ್ಕೆ ನೂರು ತುಂಬುವ ಮುನ್ನ

ಮಾನ್ಯ ಸಂಪಾದಕರೇ,

ಹಿಮಾಂಶು ರಾಯ್ ನಿರ್ಮಿಸಿ, ಜರ್ಮನಿಯ ಫ್ರಾಂಜ್ ಆಸ್ಟೆನ್ ನಿರ್ದೇಶಿಸಿದ ‘ಪ್ರಪಂಚ ಪಾಶ’ ಎಂಬ ಮೂಕಿ ಚಿತ್ರಕ್ಕೆ 2029ರಲ್ಲಿ ನೂರು ವರ್ಷ ತುಂಬುತ್ತದೆ. ಹೊರದೇಶಗಳಲ್ಲಿ ‘ಎ ಥ್ರೋ ಆಫ್ ಡೈಸ್’ ಎಂದು ಹೆಸರಾದ ಈ ಚಿತ್ರವನ್ನು ಬೆಂಗಳೂರಿನಲ್ಲಿ ದೊಡ್ಡ ಪರದೆಯ ಮೇಲೆ, ಎದುರಿಗೇ ಕುಳಿತು ನುಡಿಸುವ ವಾದ್ಯಗಾರರೊಂದಿಗೆ ಪ್ರದರ್ಶಿಸಲು ಕರ್ನಾಟಕ ಚಲನಚಿತ್ರ ಅಕಾಡೆಮಿಯು ಈಗಿನಿಂದಲೇ ಸಿದ್ಧತೆ ಆರಂಭಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಚಿತ್ರದ ಬೇರು ಮಹಾಭಾರತದ ದ್ಯೂತಪ್ರಸಂಗದಲ್ಲಿದೆ. ನಿರಂಜನ್ ಪಾಲ್ ಅದನ್ನು ಪ್ರಣಯ ಮತ್ತು ಸಾಹಸದ ಕತೆಯಾಗಿ ಹೊಸದಾಗಿ ಹೆಣೆದರು. ರಂಜಿತ್ ಮತ್ತು ಸೋಹತ್ ಎಂಬ ಇಬ್ಬರು ರಾಜರಿಗೂ ಜೂಜಿನ ಚಟ. ಇಬ್ಬರ ಮನಸ್ಸೂ ಆಶ್ರಮವಾಸಿ ಸುನೀತಾಳ ಮೇಲೆ. ಬೇಟೆಯ ನೆಪದಲ್ಲಿ ಸೋಹತ್ ಹೂಡಿದ ಸಂಚಿಗೆ ಸಿಕ್ಕಿ ಗಾಯಗೊಂಡ ರಂಜಿತ್, ಅವಳ ಆರೈಕೆಯಲ್ಲಿ ಚೇತರಿಸಿಕೊಂಡು ಅವಳಿಗೇ ಮನಸೋಲುತ್ತಾನೆ. ಮದುವೆಯ ಹೊಸ್ತಿಲಲ್ಲಿ ಕಪಟದ ದಾಳಗಳು ಉರುಳುತ್ತವೆ. ಐಶ್ವರ್ಯ, ರಾಜ್ಯ ಎಲ್ಲವನ್ನೂ ಕಳೆದುಕೊಂಡ ರಂಜಿತ್ ಕೊನೆಗೆ ತನ್ನನ್ನೇ ಪಣಕ್ಕೊಡ್ಡಿ ದಾಸನಾಗುವ ಆ ದೃಶ್ಯದಲ್ಲಿ ಚಾರು ರಾಯ್ ಅವರ ಮುಖವೇ ಮಾತನಾಡುತ್ತದೆ. ಆಡಿದ ಮಾತೊಂದೂ ಕೇಳಿಸದಿದ್ದರೂ ಧರ್ಮರಾಯನ ಪತನವನ್ನು ಬಲ್ಲ ನಮಗೆ ಯಾವುದೂ ಅಸ್ಪಷ್ಟವೆನಿಸುವುದಿಲ್ಲ.

ರಾಜಸ್ಥಾನದ ಕೋಟೆ ಅರಮನೆಗಳಲ್ಲಿ ಚಿತ್ರೀಕರಣ ನಡೆಯಿತು. ಹತ್ತು ಸಾವಿರಕ್ಕೂ ಹೆಚ್ಚು ಸಹನಟರು, ಸಾವಿರ ಕುದುರೆಗಳು, ಆನೆ, ಹುಲಿಗಳು ಇದರಲ್ಲಿ ಕಾಣಿಸಿಕೊಂಡವು. ಇವನ್ನು ಒದಗಿಸಿದ ರಾಜಮನೆತನಗಳ ಸಾಲಿನಲ್ಲಿ ಜೈಪುರ, ಉದಯಪುರಗಳ ಜೊತೆಗೆ ನಮ್ಮ ಮೈಸೂರಿನ ಹೆಸರೂ ಇದೆ. ಈ ವೈಭವವನ್ನೇ ಬಹಳಷ್ಟು ಮಂದಿ ಕೊಂಡಾಡುತ್ತಾರೆ. ನನಗಾದರೋ ಅದಕ್ಕಿಂತ ಮಿಗಿಲೆನಿಸುವುದು, ಬಣ್ಣ ಬಳಿದ ಪರದೆಗಳನ್ನು ನೆಚ್ಚಿಕೊಳ್ಳದೆ ಕಲ್ಲಿನ ಗೋಡೆಗಳ ಮೇಲೆ ಬೀಳುವ ನಿಜವಾದ ಬಿಸಿಲಿಗೆ ಕ್ಯಾಮೆರಾ ಹಿಡಿದ ಎಮಿಲ್ ಶ್ಯೂನೆಮನ್ ಅವರ ಕೆಲಸ.

ಬೆಂಗಳೂರಿಗೆ ಈ ಚಿತ್ರದೊಡನೆ ಇನ್ನೂ ಆಪ್ತವಾದ ನಂಟಿದೆ. ಲಂಡನ್ನಿನಲ್ಲಿ ಓದಿ ಜವಳಿ ವಿನ್ಯಾಸದಲ್ಲಿ ತೊಡಗಿದ್ದ ದೇವಿಕಾ ರಾಣಿ ಅವರು ಸಿನಿಮಾ ಕೆಲಸಕ್ಕೆ ಕೈಹಾಕಿದ್ದು ಇದೇ ಚಿತ್ರದ ವಸ್ತ್ರ ಮತ್ತು ಕಲಾ ವಿಭಾಗದಲ್ಲಿ. 1929ರಲ್ಲೇ ಹಿಮಾಂಶು ರಾಯ್ ಅವರನ್ನು ವರಿಸಿದ ಅವರು, ಮುಂದೆ ಪತಿಯೊಂದಿಗೆ ಬಾಂಬೆ ಟಾಕೀಸ್ ಕಟ್ಟಿದರು, ಮೊದಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದರು. ರಾಯ್ ನಿಧನಾನಂತರ ಚಿತ್ರಕಲಾವಿದ ಸ್ವೆತೊಸ್ಲಾವ್ ರೋರಿಕ್ ಅವರನ್ನು ಮದುವೆಯಾಗಿ, ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ನೆಲೆಸಿ, 1994ರಲ್ಲಿ ಬೆಂಗಳೂರಿನಲ್ಲೇ ಕೊನೆಯುಸಿರೆಳೆದರು. ಆ ಎಸ್ಟೇಟಿನ ಭೂವಿವಾದದ ಸುದ್ದಿಯನ್ನು ನಾವು ವರ್ಷಗಟ್ಟಲೆ ಓದಿದ್ದೇವೆ. ಅಲ್ಲಿದ್ದವರ ಕಲಾಜೀವನದ ಆರಂಭವನ್ನು ಕಣ್ಣಾರೆ ಕಂಡವರು ಮಾತ್ರ ತೀರಾ ವಿರಳ.

ಭಾರತದಲ್ಲಿ ತಯಾರಾದ ಸಾವಿರಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಬಹುಪಾಲು ನಾಶವಾಗಿವೆ. ‘ಪ್ರಪಂಚ ಪಾಶ’ ಉಳಿದು ಬಂದದ್ದು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸಂಗ್ರಹಾಗಾರದ ದೆಸೆಯಿಂದ. ಆ ಸಂಸ್ಥೆ ಅದನ್ನು ಪುನರುಜ್ಜೀವನಗೊಳಿಸಿದ ಮೇಲೆ 2007ರ ಆಗಸ್ಟ್‌ನಲ್ಲಿ ಲಂಡನ್ನಿನ ಟ್ರಾಫಲ್ಗರ್ ಚೌಕದಲ್ಲಿ, ನಿತಿನ್ ಸಾಹ್ನಿ ಅವರ ಹೊಸ ಸಂಗೀತವನ್ನು ಲಂಡನ್ ಸಿಂಫನಿ ಆರ್ಕೆಸ್ಟ್ರಾ ನುಡಿಸುತ್ತಿರಲು, ಬಯಲಿನಲ್ಲೇ ಪ್ರದರ್ಶನ ನಡೆಯಿತು.

ಅಂಥ ಭಾರಿ ವಾದ್ಯವೃಂದ ನಮಗೆ ಬೇಕಿಲ್ಲ. ಮೂಕಿ ಕಾಲದ ನಮ್ಮ ಟೆಂಟು, ಥಿಯೇಟರುಗಳಲ್ಲಿ ಹಾರ್ಮೋನಿಯಂ, ತಬಲಾ ನುಡಿಯುತ್ತಿದ್ದವು; ಪರದೆಯ ಮೇಲಿನ ಬರಹವನ್ನು ಓದಲಾರದ ಪ್ರೇಕ್ಷಕರಿಗಾಗಿ ಒಬ್ಬರು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ವೃತ್ತಿರಂಗಭೂಮಿಯ ಮಟ್ಟುಗಳನ್ನು ಬಲ್ಲ ಹಾರ್ಮೋನಿಯಂ ಕಲಾವಿದರು ಇಂದಿಗೂ ನಮ್ಮಲ್ಲಿದ್ದಾರೆ. ಅವರಿಂದ ಸಂಗೀತ ಕಟ್ಟಿಸಿ, ಬರಹಗಳನ್ನು ಕನ್ನಡಕ್ಕೆ ತಂದು, ಸಾಧ್ಯವಾದರೆ ಮೊದಲ ಪ್ರದರ್ಶನವನ್ನು ತಾತಗುಣಿಯ ಬಯಲಿನಲ್ಲೇ ಏರ್ಪಡಿಸಬೇಕು. ಪ್ರದರ್ಶನದ ಹಕ್ಕು ಮತ್ತು ಪ್ರತಿಗಾಗಿ ಲಂಡನ್ನಿನೊಡನೆ ಪತ್ರವ್ಯವಹಾರ ನಡೆಸಲು, ಸಂಗೀತದ ತಾಲೀಮಿಗೆ ಸಮಯ ಹಿಡಿಯುವುದರಿಂದ ಅಕಾಡೆಮಿಯು ಈ ವರ್ಷವೇ ಒಂದು ಸಣ್ಣ ಸಮಿತಿಯನ್ನು ನೇಮಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ಒಬ್ಬ ಚಿತ್ರಾಸಕ್ತ, ಬೆಂಗಳೂರು