ಸಾಸರಿನ ಸದ್ದು

ಪ್ರೀತಿಯ ತಮ್ಮಾ,

ನಿನ್ನ ಏಳು ಕತೆಗಳೂ ತಲುಪಿದವು. ಜೊತೆಗಿದ್ದ ಪತ್ರದಲ್ಲಿ ಹನ್ನೊಂದು ಸಲ ‘ಮೇಡಂ’ ಅಂತ ಬರೆದಿದ್ದೀಯ, ಎಣಿಸಿದೆ. ಅಕ್ಕ ಅಂದರೆ ಸಾಕು. ಕತೆ ಎಷ್ಟು ಪುಟ ಇರಬೇಕು, ಯಾರಿಗೆ ಕಳಿಸಬೇಕು, ಮುನ್ನುಡಿ ಯಾರ ಹತ್ತಿರ ಬರೆಸಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಹೇಳೋಕೆ ಬೇಕಾದಷ್ಟು ಜನ ಸಿಗುತ್ತಾರೆ. ‘ನಿನ್ನ ಭಾಷೆ ಇನ್ನೂ ಹಳ್ಳಿ ಬಿಟ್ಟು ಬಂದಿಲ್ಲ’ ಅಂತ ಯಾರೋ ಅಂದರಂತೆ, ಒಂದು ತಿಂಗಳು ಪೆನ್ನು ಮುಟ್ಟಲಿಲ್ಲವಂತೆ. ಒಂದು ತಿಂಗಳು ಜಾಸ್ತಿ ಆಯ್ತು. ಇಂಥ ಮಾತಿಗೆ ಎರಡು ದಿನ ಸಾಕು.

ನಾನು ಬರೆಯೋಕೆ ಕೂತಿರೋದು ನಿನ್ನ ಮೂರನೇ ಕತೆಯ ಒಂದು ಸಾಲಿನ ಬಗ್ಗೆ. ಮದ್ದೂರು ಕಡೆಯ ಅಪ್ಪ ಬೆಂಗಳೂರಿಗೆ, ಮಗನ ಫ್ಲ್ಯಾಟಿಗೆ ಬಂದಿದ್ದಾನೆ. ಬೀಗರು ಎದುರಿಗೆ ಕೂತಿದ್ದಾರೆ. ಟೀ ಬರುತ್ತದೆ. ಅಪ್ಪ ಅರ್ಧ ಟೀಯನ್ನು ಸಾಸರಿಗೆ ಸುರಿದುಕೊಂಡು ಕುಡಿಯುತ್ತಾನೆ. ಅಲ್ಲಿ ನೀನು ಬರೆದಿದ್ದೀಯ: ‘ಅಸಹ್ಯವಾದ ಸದ್ದು ಕೋಣೆಯನ್ನೆಲ್ಲ ತುಂಬಿತು.’

ಈ ‘ಅಸಹ್ಯ’ ಯಾರದಪ್ಪಾ? ಆ ಹುಡುಗ ತೊಟ್ಟಿಲಲ್ಲಿದ್ದಾಗಿನಿಂದ ಆ ಸದ್ದು ಕೇಳಿದ್ದಾನೆ. ಅದು ಅವನಿಗೆ ಕೋಳಿ ಕೂಗಿದ ಹಾಗೆ, ಕೇಳಿಸಿದರೂ ಕೇಳಿಸಿದ ಲೆಕ್ಕ ಇಲ್ಲ. ಅವತ್ತು ಬೀಗರ ಕಿವಿ ತಂದು ತನಗೆ ಅಂಟಿಸಿಕೊಂಡ, ಕೇಳಿಸಿತು. ಬರೆಯಬೇಕಾಗಿದ್ದು ಅದನ್ನು. ನೀನೋ, ಅಪ್ಪನ ಬಾಯಿ ತೋರಿಸಿ ಜಾರಿಕೊಂಡುಬಿಟ್ಟೆ.

ಸಾಸರಿಗೆ ಯಾಕೆ ಸುರಿಯುತ್ತಾರೆ ಅಂತ ಯಾವತ್ತಾದರೂ ಯೋಚನೆ ಮಾಡಿದ್ದೀಯಾ? ಬಸ್ ಸ್ಟ್ಯಾಂಡಿನ ಹೋಟೆಲು. ಡ್ರೈವರ್ ಹಾರನ್ ಹೊಡೆಯುತ್ತಿದ್ದಾನೆ. ಟೀ ಕೊತಕೊತ ಅಂತಿದೆ. ಸಾಸರಿನಲ್ಲಿ ಅಗಲಕ್ಕೆ ಹರಡಿದರೆ ಬೇಗ ಆರುತ್ತದೆ. ಗಾಳಿ ಸೇರಿಸಿ ಎಳೆದುಕೊಂಡರೆ ನಾಲಗೆ ಸುಡೋದಿಲ್ಲ. ಆ ‘ಸೊರ್’ ಅನ್ನೋ ಸದ್ದು ಇಷ್ಟೇ. ನಮ್ಮಪ್ಪ ಸಂತೆಯಲ್ಲಿ ಒಂದು ಟೀಗೆ ದುಡ್ಡು ಕೊಟ್ಟರೆ ಸಾಸರ್ ಅವರಿಗೆ, ಕಪ್ಪು ನನಗೆ. ಬೈಟೂ ಅನ್ನೋ ಮಾತು ನಾವು ಆಗಿನ್ನೂ ಕೇಳಿರಲಿಲ್ಲ. (ಆ ಕಪ್ಪು, ಲೋಟ ಕೆಲವರಿಗೆ ಬೇರೆಯೇ ಇರುತ್ತಿತ್ತು. ಆ ವಿಷಯ ಒಂದು ಪತ್ರದಲ್ಲಿ ಮುಗಿಯೋದಲ್ಲ.)

ನಿನ್ನ ಭಾಷೆ ಹಳ್ಳೀದು ಅಂದವರ ವಿಷಯವೂ ಹೀಗೇ. ನಿನ್ನ ಅಜ್ಜಿ ಪಾತ್ರ ‘ಆಲು ಕಾಸು’ ಅನ್ನುತ್ತದೆ, ಅದು ಅವರಿಗೆ ಚುಚ್ಚಿದೆ. ಪಂಪನ ಕಾಲಕ್ಕೆ ಹಾಲು ಅಂದರೆ ‘ಪಾಲ್’. ಆಮೇಲೆ ಬಾಯಿಂದ ಬಾಯಿಗೆ ಪಕಾರ ಸವೆದು ಹಕಾರ ಆಯ್ತು. ನಮ್ಮ ಕಡೆ ಆ ಹಕಾರವೂ ಸವೆಯಿತು. ಪಂಪನೇನಾದರೂ ಎದ್ದು ಬಂದರೆ ನಿನ್ನ ವಿಮರ್ಶಕರ ‘ಹಾಲು’ ಕೇಳಿ ಮುಖ ಸಿಂಡರಿಸುತ್ತಿದ್ದನೋ ಏನೋ!

ನಿನಗೆ ಹೀಗೆ ಬೈಯೋ ಯೋಗ್ಯತೆ ನನಗೆ ಹೇಗೆ ಬಂತು ಅಂತ ಹೇಳಿಬಿಡುತ್ತೇನೆ. 1981ರಲ್ಲಿ ನನ್ನ ಮೊದಲ ಕತೆ ಒಂದು ಪತ್ರಿಕೆಯಲ್ಲಿ ಬಂತು. ಅಮ್ಮನ ಪಾತ್ರ ‘ಅಸಿವಾಯ್ತದಾ ಮಗ’ ಅಂತ ಕೇಳುತ್ತದೆ ಅಂತ ಬರೆದು ಕಳಿಸಿದ್ದೆ. ಅಚ್ಚಾಗಿ ಬಂದಾಗ ಅದು ‘ಹಸಿವಾಗಿದೆಯೇ ಮಗು’ ಆಗಿತ್ತು. ಸಂಪಾದಕರ ಮೇಲೆ ಇಪ್ಪತ್ತು ವರ್ಷ ಸಿಟ್ಟು ಇಟ್ಟುಕೊಂಡಿದ್ದೆ. ಸಭೆಗಳಲ್ಲೂ ಹೇಳಿಕೊಂಡು ತಿರುಗಿದೆ, ಜನ ಚಪ್ಪಾಳೆ ಹೊಡೆದರು. ಹೇಳದೇ ಇದ್ದದ್ದು ಇನ್ನೊಂದಿತ್ತು. ಅದೇ ಕತೆಯಲ್ಲಿ ಅಮ್ಮ ಮಗಳಿಗೆ ಬಿಸಿ ಅನ್ನ, ಸಾರು ಬಡಿಸುತ್ತಾಳೆ. ಅದನ್ನು ಯಾರೂ ತಿದ್ದಿರಲಿಲ್ಲ. ನಾನೇ ಬರೆದದ್ದು. ನಮ್ಮ ಮನೆಯಲ್ಲಿ ದಿನಾ ಇದ್ದದ್ದು ಹಿಟ್ಟು, ಉಪ್ಸಾರು. ಹಾಸ್ಟೆಲಿನ ಗೆಳತಿಯರು ಓದುತ್ತಾರೆ, ಮುದ್ದೆ ನುಂಗೋರು ಅಂತ ನಗುತ್ತಾರೆ ಅಂತ ಅನ್ನ ಮಾಡಿಬಿಟ್ಟೆ.

ಅಮ್ಮನಿಗೆ ಓದು ಬರುತ್ತಿರಲಿಲ್ಲ. ಪಕ್ಕದ ಮನೆ ಹುಡುಗ ಜಗುಲಿ ಮೇಲೆ ಕೂತು ಓದಿ ಹೇಳಿದ. ಅಮ್ಮ ಅವರೆಕಾಯಿ ಬಿಡಿಸುತ್ತಾ ಕೇಳಿಸಿಕೊಂಡಳು. ಕೊನೆಗೆ ಕೇಳಿದ್ದು ಒಂದೇ ಮಾತು:

‘ಅವತ್ತು ಯಾವ ಅಬ್ಬ ಇತ್ತು ಮಗ?’

ಅನ್ನ ಮಾಡಬೇಕು ಅಂದರೆ ಹಬ್ಬ ಇರಬೇಕು, ಇಲ್ಲ ನೆಂಟರು ಬಂದಿರಬೇಕು. ಅವಳಿಗೆ ಗೊತ್ತಿದ್ದದ್ದು ಅಷ್ಟು. ನಾನು ಏನೋ ತೊದಲಿದೆ. ಆ ಕತೆಯನ್ನು ನನ್ನ ಯಾವ ಸಂಕಲನಕ್ಕೂ ಸೇರಿಸಿಲ್ಲ.

ಈಗ ನಿನ್ನ ಐದನೇ ಕತೆಗೆ ಬರುತ್ತೇನೆ. ಇಲ್ಲಿ ನೀನು ಉಲ್ಟಾ ಹೊಡೆದಿದ್ದೀಯ. ಮುದ್ದೆಯಿಂದ ‘ಮಣ್ಣಿನ ಘಮ’ ಬಂತಂತೆ! ಮುದ್ದೆಯಲ್ಲಿ ಯಾವ ಮಣ್ಣಿನ ಘಮವೂ ಇಲ್ಲ ಮಾರಾಯ. ತಳ ಹಿಡಿದರೆ ಸೀದ ವಾಸನೆ ಬರುತ್ತದೆ, ಗಂಟಾದರೆ ಹಸಿ ಹಿಟ್ಟು ಬಾಯಿಗೆ ಸಿಗುತ್ತದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಮಾಡಿತಲ್ಲ, ಆಗಿನಿಂದ ನಮ್ಮ ಬಡಾವಣೆಯಲ್ಲಿ ರಾಗಿಗೆ ಎಲ್ಲಿಲ್ಲದ ಮರ್ಯಾದೆ. ರಾಗಿ ಬಿಸ್ಕತ್ತು, ರಾಗಿ ಪಿಜ್ಜಾ. ಅವತ್ತು ನಕ್ಕ ಗೆಳತಿಯರಲ್ಲಿ ಒಬ್ಬಳು ಮೊನ್ನೆ ಫೋನ್ ಮಾಡಿ ಮುದ್ದೆ ತಿರುವೋದು ಹೇಗೆ ಅಂತ ಕೇಳಿದಳು. ಹೇಳಿಕೊಟ್ಟೆ. ಸ್ವಲ್ಪ ಸಿಟ್ಟಿನಿಂದಲೇ ಹೇಳಿಕೊಟ್ಟೆ. ಮುದ್ದೆ ಕಂಡು ನಕ್ಕವರ ಕಣ್ಣಲ್ಲೂ, ಈಗ ಕೈ ಮುಗಿಯೋರ ಕಣ್ಣಲ್ಲೂ ನೀನು ನಿಮ್ಮ ಅಡುಗೆಮನೆ ನೋಡಬೇಡ.

ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಆಗಿ ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿ ಇಡುತ್ತಾನೆ. ಅಕ್ಕಿ ಕೆಡುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ತೀರ್ಪು ಸರಿಯಾಗೇ ಇದೆ. ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಹುಳ ಹಿಡಿಯದೆ ಇರೋದನ್ನ ನಾನೇ ನೋಡಿದ್ದೇನೆ. ಆದರೆ ನಮ್ಮ ಮನೆ ಮಕ್ಕಳನ್ನ ಸಾಕ್ಷಿ ಕರೆದಿದ್ದರೆ ನಾವೆಲ್ಲ ಅಕ್ಕಿ ಕಡೆಯೇ! ಅಮ್ಮನೂ ಅಷ್ಟೇ. ದಿನಾ ಮುದ್ದೆ ತಿರುವಿ ತೋಳು ಬಿದ್ದುಹೋಗಿದ್ದ ಅವಳಿಗೆ ಅನ್ನ ಅಂದರೆ ಆಸೆ. ಇದನ್ನೂ ನಾನು ಎಲ್ಲೂ ಬರೆಯಲಿಲ್ಲ.

ಉಳಿದ ಕತೆಗಳ ಬಗ್ಗೆ ಏನೂ ಹೇಳುತ್ತಿಲ್ಲ. ಆರನೆಯದು ಚೆನ್ನಾಗಿದೆ, ಇದನ್ನು ಎಲ್ಲರಿಗೂ ತೋರಿಸಿಕೊಂಡು ತಿರುಗಬೇಡ. ಮೂರನೆಯದನ್ನು ಮತ್ತೆ ಬರೆದು ಕಳಿಸು. ಬರೆಯೋ ಮೊದಲು ಊರಿಗೆ ಹೋಗಿ ಅಪ್ಪನ ಜೊತೆ ಒಂದು ಟೀ ಕುಡಿದು ಬಾ. ಇನ್ನೊಂದು ಕೇಳೋದಿದೆ. ಅಪ್ಪ ಅರ್ಧ ಟೀ ಸಾಸರಿಗೆ ಸುರಿದುಕೊಂಡ ಅಂತ ಬರೆದೆಯಲ್ಲ, ಕಪ್ಪಿನಲ್ಲಿ ಉಳಿದ ಅರ್ಧ ಏನಾಯ್ತು? ಅವನು ಅದನ್ನು ಮಗನ ಕಡೆ ಸ್ವಲ್ಪ ಸರಿಸಿದನಾ?

ಇಂತಿ,
ನಿನ್ನ ಅಕ್ಕ