ಐದನೇ ಸಲ ಟೆಸ್ಟ್ ಬೇಡ ಕಣೋ

ಗೆಳೆಯಾ,

ರಾತ್ರಿ ಎರಡು ಗಂಟೆಗೆ ನೀನು ಕಳಿಸಿದ ಫೋಟೊ ಬೆಳಿಗ್ಗೆ ನೋಡಿದೆ. ಮೊಬೈಲ್ ಟಾರ್ಚ್ ಹಾಕಿ ತೆಗೆದ ನಾಲಿಗೆ. ಕೆಳಗೆ ಒಂದೇ ಸಾಲು: "ಈ ಬಿಳಿ ಅದೇ ಅಲ್ವಾ?"

ನಾಲಿಗೆ ನೋಡಿ ಯಾವ ಡಾಕ್ಟರೂ ಎಚ್‌ಐವಿ ಇದೆ ಅಂತ ಹೇಳುವುದಿಲ್ಲ. ರಕ್ತ ನೋಡಿ ಹೇಳುತ್ತಾರೆ. ನಿನ್ನ ರಕ್ತ ಈಗಾಗಲೇ ನಾಲ್ಕು ಸಲ ಇಲ್ಲ ಅಂದಿದೆ.

ಮೊದಲ ಟೆಸ್ಟ್ ಮಾಡಿಸಿದಾಗ ನಿನ್ನ ಅನುಮಾನ ಸರಿಯಾಗಿಯೇ ಇತ್ತು. ನೀನು ಹೆದರುವ ಆ ಒಂದು ರಾತ್ರಿ ಕಳೆದು ಆಗಿನ್ನೂ ಮೂರೇ ವಾರ ಆಗಿತ್ತು, ವಿಂಡೋ ಪೀರಿಯಡ್, ಅಂದರೆ ಸೋಂಕಿದ್ದರೂ ಟೆಸ್ಟ್‌ನಲ್ಲಿ ಕಾಣದಿರಬಹುದಾದ ಮೊದಲ ದಿನಗಳು, ಮುಗಿದಿರಲಿಲ್ಲ. ಆಮೇಲೆ ರಕ್ತನಾಳದಿಂದ ರಕ್ತ ತೆಗೆದು ಲ್ಯಾಬ್‌ನಲ್ಲಿ ಮಾಡಿದ್ದು ಫೋರ್ತ್ ಜನರೇಷನ್ ಟೆಸ್ಟ್. ಅದು ವೈರಸ್‌ನ ಪಿ24 ಅನ್ನೋ ಪ್ರೋಟೀನನ್ನೂ, ವೈರಸ್ ವಿರುದ್ಧ ಮೈ ತಯಾರಿಸುವ ಆಂಟಿಬಾಡಿಯನ್ನೂ ಒಟ್ಟಿಗೆ ಹುಡುಕುತ್ತದೆ. ಸೋಂಕು ತಗುಲಿದ್ದರೆ ಸಾಮಾನ್ಯವಾಗಿ 18ರಿಂದ 45 ದಿನದೊಳಗೆ ಅದಕ್ಕೆ ಸಿಗುತ್ತದೆ. ಬೆರಳು ಚುಚ್ಚಿ ನೋಡುವ ಕಿಟ್‌ಗೆ 90 ದಿನ ಕಾಯಬೇಕು. ನಿನಗೆ ಏಳು ತಿಂಗಳಾಯಿತು. ನಡುವೆ ಹೊಸದಾಗಿ ಏನೂ ಆಗಿಲ್ಲ, ಸಂಪರ್ಕವಾದ ಕೂಡಲೇ ಸೋಂಕು ತಡೆಯಲು ಕೊಡುವ ಪಿಇಪಿ ಮಾತ್ರೆಯನ್ನೂ ನೀನು ತೆಗೆದುಕೊಂಡಿಲ್ಲ. ಇನ್ನು ಕಾಯುವುದು ಏನೂ ಉಳಿದಿಲ್ಲ ಕಣೋ.

ಕತ್ತಿನ ಗಂಟು ನೋಯುತ್ತದೆ ಅಂತೀಯ. ಹೋದ ವಾರ ಎದುರಿಗೆ ಕೂತಿದ್ದಾಗ ನೋಡುತ್ತಲೇ ಇದ್ದೆ. ಮಾತಾಡುತ್ತಾ ಮಾತಾಡುತ್ತಾ ನಿನ್ನ ಎರಡು ಬೆರಳು ದವಡೆಯ ಕೆಳಗೇ ಹೋಗುತ್ತಿದ್ದವು. ದಿನವಿಡೀ ಹಾಗೆ ಒತ್ತಿದರೆ ಯಾರಿಗಾದರೂ ನೋಯುತ್ತದೆ. ನಿದ್ದೆಗೆಟ್ಟರೆ, ಹೆದರಿದರೆ ಹೊಟ್ಟೆ ಕೆಡುತ್ತದೆ, ಬೆವರುತ್ತದೆ, ಸುಸ್ತಾಗುತ್ತದೆ. ನೀನು ಅದನ್ನೆಲ್ಲ ಲಕ್ಷಣದ ಪಟ್ಟಿಗೆ ಹಾಕಿಕೊಳ್ಳುತ್ತಿದ್ದೀಯ.

ನನಗೆ ತುಂಬಾ ಸಂಕಟ ಆಗಿದ್ದು ಬೇರೆ ವಿಷಯಕ್ಕೆ. ಮಗಳಿಗೆ ಮುತ್ತು ಕೊಡುವುದನ್ನೇ ಬಿಟ್ಟಿದ್ದೀಯಂತೆ. ನಿನ್ನ ಟವೆಲ್, ಲೋಟ ಬೇರೆ ಇಟ್ಟಿದ್ದೀಯಂತೆ. ಎಚ್‌ಐವಿ ಇರುವ ಅಪ್ಪಂದಿರೂ ಮಕ್ಕಳಿಗೆ ಮುತ್ತು ಕೊಡುತ್ತಾರೆ. ಅಪ್ಪುಗೆಯಿಂದ, ಲೋಟದಿಂದ ಅದು ಹರಡುವುದಿಲ್ಲ. ದಿನಾ ಮಾತ್ರೆ ತೆಗೆದುಕೊಂಡು, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆ ಇಟ್ಟುಕೊಂಡವರಿಂದ ಲೈಂಗಿಕ ಸಂಪರ್ಕದಲ್ಲೂ ಹರಡುವುದಿಲ್ಲ. ಅವರಿಗೆ ಬಂದಿರುವುದು ಒಂದು ಕಾಯಿಲೆ, ಶಿಕ್ಷೆ ಅಲ್ಲ.

ಹೇಳಲೋ ಬೇಡವೋ ಅಂತ ಯೋಚಿಸಿ ಹೇಳುತ್ತಿದ್ದೇನೆ. ಆ ಒಂದು ರಾತ್ರಿಗೆ ನೀನು ಶಿಕ್ಷೆ ಹುಡುಕುತ್ತಿದ್ದೀಯ ಅನ್ನಿಸುತ್ತದೆ. ರಿಪೋರ್ಟ್ ಅದನ್ನು ಕೊಡುತ್ತಿಲ್ಲ, ಅದಕ್ಕೇ ರಿಪೋರ್ಟ್ ತಪ್ಪಿರಬೇಕು ಅಂತ ನಿನಗೆ ಕಾಣುತ್ತಿದೆ. ಮನೆಯಲ್ಲಿ ಹೇಳುವುದೋ ಬಿಡುವುದೋ ನೀನೇ ತೀರ್ಮಾನಿಸಬೇಕು. ಅದಕ್ಕೆ ಲ್ಯಾಬ್‌ನಲ್ಲಿ ಉತ್ತರ ಸಿಗುವುದಿಲ್ಲ.

ಒಬ್ಬ ಕೌನ್ಸೆಲರ್ ಹತ್ತಿರ ಮಾತಾಡಿದ್ದೇನೆ, ನಿನ್ನ ಹೆಸರು ಹೇಳಿಲ್ಲ. ಇಂಥ ಭಯ ಅವರಿಗೆ ಹೊಸದಲ್ಲವಂತೆ. ಶನಿವಾರ ಬರುತ್ತೇನೆ, ಜೊತೆಗೆ ಹೋಗೋಣ. ನೀನು ಒಳಗೆ ಮಾತಾಡುವಾಗ ನಾನು ಹೊರಗೆ ಕೂತಿರುತ್ತೇನೆ. ಅಲ್ಲಿಯವರೆಗೆ ರಾತ್ರಿ ಹೆದರಿಕೆಯಾದರೆ ಗೂಗಲ್ ಮಾಡಬೇಡ, ನನಗೆ ಫೋನ್ ಮಾಡು. ಎರಡು ಗಂಟೆಯಾದರೂ ಸರಿ, ಎತ್ತುತ್ತೇನೆ.

ಇವತ್ತು ಸಂಜೆ ಮಗಳನ್ನು ಎತ್ತಿಕೋ.

ನಿನ್ನ ಗೆಳೆಯ