ಅಜ್ಜಿಯ ಎಲೆಅಡಿಕೆ ಡಬ್ಬಿ
ಪುಟ್ಟೀ,

ಹೋದ ತಿಂಗಳು ಫೋನಿನಲ್ಲಿ ನೀನು ಕೇಳಿದ್ದೆ, "ಅಪ್ಪಾ, ಅಜ್ಜಿ ಹೆಸರು ಎತ್ತಿದರೆ ಎಲ್ಲರೂ ಯಾಕೆ ಸುಮ್ಮನಾಗಿಬಿಡ್ತಾರೆ?" ಅಂತ. ಆಗ ನಾನೂ ಸುಮ್ಮನಾದೆ.

ಇಲ್ಲಿ ಮೆಕ್ಸಿಕೋದಲ್ಲಿ ಸತ್ತವರನ್ನು ಮನೆಗೆ ಕರೆಯುವ 'ಸತ್ತವರ ದಿನ' ಅಂತ ಒಂದು ಹಬ್ಬ ಇದೆ. ಅದಕ್ಕೆ ಮೊನ್ನೆ, ನವೆಂಬರ್ 1ರ ರಾತ್ರಿ ತ್ಸಿಂತ್ಸುಂತ್ಸಾನ್ ಎಂಬ ಊರಿಗೆ ಹೋಗಿದ್ದೆ. ಮಿಚೊವಾಕಾನ್ ರಾಜ್ಯದ ಪಾತ್ಸ್‌ಕ್ವಾರೋ ಕೆರೆಯ ಹತ್ತಿರ ಇದೆ. ಪುರೆಪೆಚಾ ಅನ್ನುವ ಇಲ್ಲಿನ ಮೂಲನಿವಾಸಿ ಜನರ ಹಳೇ ರಾಜಧಾನಿ. ಅಲ್ಲಿನ ಸ್ಮಶಾನಕ್ಕೆ ಕಾಲಿಟ್ಟರೆ ಜಾತ್ರೆಗೆ ಬಂದ ಹಾಗಾಯಿತು! ಒಂದೊಂದು ಸಮಾಧಿಯ ಮೇಲೂ ಸಾಲು ಮೋಂಬತ್ತಿ. ಕೋಪಾಲ್ ಅಂತ ಒಂದು ಮರದ ಅಂಟು ಸುಡುತ್ತಾರೆ, ಥೇಟ್ ನಮ್ಮ ಲೋಬಾನದ ಹೊಗೆ. ಕಂಬಳಿ ಹೊದ್ದು ಕೂತ ಅಜ್ಜಿಯರು, ಅವರ ತೊಡೆಯ ಮೇಲೆ ನಿದ್ದೆಹೋದ ಮಕ್ಕಳು. ಬೆಳಗಿನವರೆಗೂ ಹಾಗೇ ಕೂತಿರುತ್ತಾರೆ.

ಹೂವು ಯಾವುದು ಗೊತ್ತಾ? ಚೆಂಡು ಹೂವು. ಇಲ್ಲಿ ಸೆಂಪಸೂಚಿಲ್ ಅನ್ನುತ್ತಾರೆ. ಆಯುಧಪೂಜೆಗೆ ನಾವು ಗಾಡಿಗೆ ಕಟ್ಟುತ್ತೀವಲ್ಲ, ಅದರ ತವರೇ ಮೆಕ್ಸಿಕೋ. ಅದರ ಬಣ್ಣ, ವಾಸನೆ ಹಿಡಿದು ಸತ್ತವರು ಮನೆಗೆ ಬರುತ್ತಾರಂತೆ. ಅದಕ್ಕೇ ಬಾಗಿಲಿನಿಂದ ಒಳಗಿನವರೆಗೆ ಎಸಳು ಉದುರಿಸಿ ದಾರಿ ಮಾಡುತ್ತಾರೆ. ಒಳಗೆ ಫೋಟೋದ ಮುಂದೆ ಒಫ್ರೆಂದಾ, ಅಂದರೆ ಎಡೆ. ಮೂಳೆಯ ಆಕಾರ ಕೂರಿಸಿದ ಸಿಹಿ ಬ್ರೆಡ್ಡು, ಉಪ್ಪು, ತೀರಿಕೊಂಡವರಿಗೆ ಇಷ್ಟವಾದ ತಿಂಡಿ. ಒಂದು ಲೋಟ ನೀರು ಇರಲೇಬೇಕು. ಅಷ್ಟು ದೂರದಿಂದ ಬಂದವರಿಗೆ ಬಾಯಾರಿರುತ್ತದೆ, ಅಲ್ವಾ? ನವೆಂಬರ್ 1 ತೀರಿಹೋದ ಮಕ್ಕಳ ದಿನ, 2 ದೊಡ್ಡವರದು. ಮಕ್ಕಳಿಗೆ ಆಟಿಕೆ ಇಟ್ಟಿದ್ದರು. ಅದನ್ನು ಜಾಸ್ತಿ ಹೊತ್ತು ನೋಡಲು ನನ್ನಿಂದ ಆಗಲಿಲ್ಲ.

ನೀನು ವಿಡಿಯೋದಲ್ಲಿ ನೋಡಿದ ಬುರುಡೆ ವೇಷದ ದೊಡ್ಡ ಮೆರವಣಿಗೆ ಮೆಕ್ಸಿಕೋ ಸಿಟಿಯದು, 2016ರಲ್ಲಿ ಶುರುವಾದದ್ದು. ಚೆನ್ನಾಗಿಯೇ ಇರುತ್ತದೆ. ನನಗೆ ಮಾತ್ರ ಈ ಸ್ಮಶಾನದ ರಾತ್ರಿಯೇ ಸಾಕು.

ಒಬ್ಬ ಹೆಂಗಸು ಕರೆದು ಕೂರಿಸಿಕೊಂಡು ಬಿಸಿ ಆತೋಲೆ ಕೊಟ್ಟರು. ಮೆಕ್ಕೆಜೋಳದ ಹಿಟ್ಟಿನದು, ನಮ್ಮ ಗಂಜಿಯ ಹಾಗೆ. ತಮ್ಮ ಅಮ್ಮನ ಜಗಳಗಂಟಿತನ ಹೇಳಿಕೊಂಡು ನಕ್ಕರು, ಕಣ್ಣೂ ಒರೆಸಿಕೊಂಡರು. ಆಮೇಲೆ, "ನಿಮ್ಮವರು ಯಾರು?" ಎಂದು ಕೇಳಿದರು. ಅಜ್ಜಿಯ ಹೆಸರು ಹೇಳಿದೆ. ಎರಡು ವರ್ಷದಲ್ಲಿ ಅದೇ ಮೊದಲ ಸಲ. ಅವರು ಆ ಹೆಸರನ್ನು ತಡವರಿಸುತ್ತಾ ಹೇಳಿ ಒಂದು ಮೋಂಬತ್ತಿ ಹಚ್ಚಿದರು.

ಮಹಾಲಯ ಅಮಾವಾಸ್ಯೆಗೆ ನಾವೂ ಎಡೆ ಇಡುತ್ತೇವೆ. ತಾತನಿಗೆ ಕೋಳಿಸಾರು, ಬೀಡಿ. ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಆಮೇಲೆ ಉಂಡು ಏಳುತ್ತೇವೆ. ತಾತ ಹೇಗೆ ನಗುತ್ತಿದ್ದರು ಅಂತ ಒಬ್ಬರೂ ಹೇಳುವುದಿಲ್ಲ. ಅಳು ಬಂದೀತು ಅಂತ ಭಯ ಪುಟ್ಟೀ, ಅಷ್ಟೇ.

ಅಜ್ಜಿಯ ಎಲೆಅಡಿಕೆ ಡಬ್ಬಿ ಬೀರುವಿನ ಮೇಲಿನ ಅರೆಯಲ್ಲಿ, ಹಳೇ ರಗ್ಗಿನ ಹಿಂದೆ ಇದೆ. ನಾನೇ ಮುಚ್ಚಿಟ್ಟಿದ್ದು. ತೆಗೆದು ಫೋಟೋ ಮುಂದೆ ಇಡು, ಪಕ್ಕದಲ್ಲಿ ಒಂದು ಲೋಟ ನೀರು. ಭಾನುವಾರ ಫೋನ್ ಮಾಡುತ್ತೇನೆ. ಅಜ್ಜಿ ನಿನಗೆ ರಾತ್ರಿ ಹೇಳುತ್ತಿದ್ದ ಆ ನರಿಯ ಕಥೆ ಇದೆಯಲ್ಲ, ಅದನ್ನು ನನಗೆ ಹೇಳು. ನನಗೆ ಅರ್ಧ ಮರೆತುಹೋಗಿದೆ.

ನಿನ್ನ ಅಪ್ಪ